ಬೇಟೆಗಾರನನ್ನು ಬಿಟ್ಟು ಬೇಟೆಯನ್ನೇ ದೂಷಿಸುವುದು ಎಷ್ಟು ಸರಿ?

ಅಮ್ಮಸಂದ್ರದ ರೈಲು ನಿಲ್ದಾಣದಲ್ಲಿ ಸಂಜೆಯ ಹೊತ್ತು ಅರ್ಧ ಗಂಟೆ ಕುಳಿತರೆ ಸಾಕು, ನಮ್ಮ ಕಾಲದ ಒಂದು ಚಿತ್ರ ಕಣ್ಣಿಗೆ ಬೀಳುತ್ತದೆ. ತಿಪಟೂರು, ತುಮಕೂರುಗಳ ಕಾಲೇಜುಗಳಿಂದ ಮರಳುವ ಹುಡುಗರು ಅಕ್ಕಪಕ್ಕದಲ್ಲೇ ಕುಳಿತಿರುತ್ತಾರೆ, ಆದರೆ ಪರಸ್ಪರ ಮಾತಿಲ್ಲ. ಎಲ್ಲರ ತಲೆಯೂ ಬಾಗಿದೆ, ಎಲ್ಲರ ಕೈಯಲ್ಲೂ ಮೊಬೈಲ್. ಇದನ್ನು ಕಂಡ ಹಿರಿಯರೊಬ್ಬರು ನಿಟ್ಟುಸಿರಿಟ್ಟು ಹೇಳುತ್ತಾರೆ: 'ಈಗಿನ ಹುಡುಗರು ಕೆಟ್ಟುಹೋದರು.'

ಈ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ಮನೆಯಲ್ಲಿ ತಂದೆ, ತರಗತಿಯಲ್ಲಿ ಅಧ್ಯಾಪಕರು, ವೇದಿಕೆಯಲ್ಲಿ ಭಾಷಣಕಾರರು ಇದನ್ನೇ ಹೇಳುತ್ತಾರೆ. ಆದರೆ ಹುಡುಗರು ತಾವಾಗಿಯೇ ಕೆಟ್ಟರೇ ಅಥವಾ ಅವರನ್ನು ಕೆಡಿಸುವುದನ್ನೇ ಯಾರಾದರೂ ಉದ್ಯೋಗ ಮಾಡಿಕೊಂಡಿದ್ದಾರೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1995ರಲ್ಲಿ ಈ ದೇಶಕ್ಕೆ ಮೊಬೈಲ್ ಬಂದಾಗ ಅದು ಶ್ರೀಮಂತರ ಸೊತ್ತಾಗಿತ್ತು. ಬಂದ ಕರೆಗೂ ಹಣ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ರಿಲಯನ್ಸ್ ಕಂಪೆನಿಯು 501 ರೂಪಾಯಿ ಕೊಟ್ಟು ಹ್ಯಾಂಡ್‌ಸೆಟ್ ಒಯ್ಯಿರಿ, ಉಳಿದುದನ್ನು ತಿಂಗಳು ತಿಂಗಳು ಕಟ್ಟಿರಿ ಎಂದಿತು. ಬಡವನ ಕೈಗೂ ಮೊಬೈಲ್ ಬಂತು, ಅದು ಒಳ್ಳೆಯದೇ. ಆದರೆ ಅದರ ಜೊತೆಗೇ, ಕೈಯಲ್ಲಿ ಹಣವಿಲ್ಲದಿದ್ದರೂ ವಸ್ತುವನ್ನು ಒಯ್ಯಬಹುದು ಎಂಬ ಪಾಠವೂ ಬಂತು.

ಆ ಬಳಿಕ ಕಂಪೆನಿಗಳ ಕಣ್ಣು ನೇರವಾಗಿ ಹದಿಹರೆಯದವರ ಮೇಲೆ ಬಿತ್ತು. 2008ರಲ್ಲಿ ಟಾಟಾ ಟೆಲಿಸರ್ವೀಸಸ್‌ನ ಜೊತೆಗೂಡಿ ವರ್ಜಿನ್ ಮೊಬೈಲ್ ಎಂಬ ಹೆಸರು ಭಾರತಕ್ಕೆ ಬಂದದ್ದೇ ಯುವಕರಿಗಾಗಿ. ಕರೆ ಸ್ವೀಕರಿಸಿದರೆ ನಿಮಿಷಕ್ಕೆ 10 ಪೈಸೆ ನಿಮಗೇ ಕೊಡುತ್ತೇವೆ ಎಂದು ಅದು ಆಮಿಷವೊಡ್ಡಿತು. ಮಾತನಾಡುವುದಕ್ಕೂ ಸಂಬಳ! ಇನ್ನೊಂದೆಡೆ ಕಾಲರ್ ಟ್ಯೂನ್, ಜೋಕು, ಕ್ರಿಕೆಟ್ ಸ್ಕೋರು, ಪ್ರೇಮ ಸಲಹೆಗಳ ಸುರಿಮಳೆ. ಕೇಳದೆಯೇ ಸೇವೆ ಆರಂಭವಾಗುತ್ತಿತ್ತು, ರೀಚಾರ್ಜ್ ಮಾಡಿದ ಹಣ ಕರಗುತ್ತಿತ್ತು. ಗ್ರಾಹಕನ ಒಪ್ಪಿಗೆಯಿಲ್ಲದೆ ಇಂತಹ ಸೇವೆಗಳಿಗೆ ಹಣ ಕತ್ತರಿಸಬಾರದೆಂದು ಟ್ರಾಯ್ 2011ರಲ್ಲಿ ನಿರ್ದೇಶಿಸಬೇಕಾಯಿತು, 2013ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಬೇಕಾಯಿತು. ದೀಪಾವಳಿ, ಹೊಸ ವರ್ಷದಂತಹ ದಿನಗಳಲ್ಲಿ ಅಗ್ಗದ ಸಂದೇಶದ ಯೋಜನೆ ಅನ್ವಯಿಸುವುದಿಲ್ಲ ಎಂಬ ನಿಯಮ ನೆನಪಿದೆಯೇ? ಮನುಷ್ಯ ಮನುಷ್ಯನಿಗೆ ಶುಭ ಕೋರುವ ದಿನವೇ ಮಾರುಕಟ್ಟೆಗೆ ಸುಗ್ಗಿ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. 2017ರ ಮಾರ್ಚ್ ಕೊನೆಯವರೆಗೂ ಡೇಟಾ ಉಚಿತ. ಹುಡುಗರಿಗೆ ಹಬ್ಬ. ಆದರೆ ವ್ಯಾಪಾರಿಯು ಏನನ್ನಾದರೂ ತಿಂಗಳುಗಟ್ಟಲೆ ಪುಕ್ಕಟೆ ಹಂಚುತ್ತಿದ್ದರೆ, ಅವನು ಮಾರಲು ಹೊರಟಿರುವುದು ವಸ್ತುವನ್ನಲ್ಲ, ಅಭ್ಯಾಸವನ್ನು. ಅಭ್ಯಾಸ ಬೇರುಬಿಟ್ಟ ಮೇಲೆ ದರ ಏರಿತು. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ಒಂದರ ಹಿಂದೊಂದು ದರ ಏರಿಸಿದಾಗ ಎಷ್ಟು ಮಂದಿ ಮೊಬೈಲನ್ನು ಕೆಳಗಿಟ್ಟರು?

ಇನ್ನು ಹಣ ಕಟ್ಟಿ ಆಡುವ ಆಟಗಳ ಕಥೆ. ಕ್ರಿಕೆಟ್ ತಾರೆಯರೇ ಅವುಗಳ ರಾಯಭಾರಿಗಳಾದರು. 2020ರ ಐಪಿಎಲ್‌ಗೆ ಡ್ರೀಮ್ ಇಲೆವೆನ್ ಹೆಸರೇ ಅಂಟಿಕೊಂಡಿತು, 2023ರಲ್ಲಿ ಅದು ಭಾರತ ತಂಡದ ಅಂಗಿಯ ಮೇಲೂ ಬಂತು. ಕರ್ನಾಟಕ ಸರಕಾರವು 2021ರಲ್ಲಿ ಇಂತಹ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ತಡವಾಗಿಯಾದರೂ ಸ್ವಾಗತಾರ್ಹ. ಆದರೆ ಈ ನಡುವಿನ ವರ್ಷಗಳಲ್ಲಿ ಸೋತವರ ಹಣವನ್ನು ಯಾರು ಮರಳಿಸುವರು? ಜೂಜು ಹರಾಮ್ ಎಂದು ಮಕ್ಕಳಿಗೆ ಕಲಿಸಿದವರು ನಾವು. ಆದರೆ ಅದೇ ಜೂಜು ನಮ್ಮದೇ ಮನೆಯ ಟಿವಿಯಲ್ಲಿ ಆಟಗಾರನ ವೇಷದಲ್ಲಿ ಬಂದಾಗ ನಾವು ಗುರುತಿಸಲಿಲ್ಲ.

ತೆಂಗಿನ ನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇಟ್ಟರೆ ಉಂಡೆ ಕೊಬ್ಬರಿಯಾಗುತ್ತದೆ. ಅವಸರ ಮಾಡಿ ಒಡೆದರೆ ಕೊಬ್ಬರಿಯಿಲ್ಲ. ಹಾಗೆ ಕಾದು ತಿಪಟೂರಿನ ಮಾರುಕಟ್ಟೆಗೆ ಒಯ್ದರೆ ದರ ಏರಿಳಿಯುತ್ತದೆ. ಕೇಂದ್ರ ಸರಕಾರ 2025ರ ಹಂಗಾಮಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಒಂದು ಸಾಧಾರಣ ಸ್ಮಾರ್ಟ್‌ಫೋನಿಗೆ ಇಷ್ಟು ಹಣ ಬೇಕು. ಅಂದರೆ ತಂದೆಯ ಒಂದು ವರ್ಷದ ಕಾಯುವಿಕೆ, ಒಂದು ಕ್ವಿಂಟಲ್ ಕೊಬ್ಬರಿ, ಮಗನ ಅಂಗೈಯಲ್ಲಿ. ತಂದೆಗೆ ತೆಂಗು ಕಲಿಸಿದ್ದು ತಾಳ್ಮೆಯನ್ನು. ಮಗನಿಗೆ ಜಾಹೀರಾತು ಕಲಿಸುತ್ತಿರುವುದು 'ಈಗಲೇ ಕೊಳ್ಳು, ಆಮೇಲೆ ಕಟ್ಟು' ಎಂಬುದನ್ನು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಫೋನು ಹಳತೆಂದು ನಾಚಿಕೆಪಡುವಂತೆ ಮಾಡುವುದೂ ಅದೇ ಜಾಹೀರಾತು. ನಮ್ಮ ಈದ್ ಕೂಡಾ ಇದರಿಂದ ಪಾರಾಗಿಲ್ಲ. ಸಂಯಮ ಕಲಿಸುವ ರಮಝಾನ್ ತಿಂಗಳನ್ನೇ 'ಆಫರ್'ಗಳ ತಿಂಗಳಾಗಿ ಮಾಡಲಾಗಿದೆ, ದುಂದುವೆಚ್ಚ ಮಾಡುವವರನ್ನು ಶೈತಾನನ ಸಹೋದರರೆಂದು ಕುರ್‌ಆನ್ ಎಚ್ಚರಿಸಿದ್ದರೂ.

ಹಾಗಂತ ಮೊಬೈಲನ್ನು ಕಿತ್ತುಕೊಂಡರೆ ಪರಿಹಾರವಾದೀತೇ? ನಮ್ಮಲ್ಲಿ ಕೆಲವರು ಕಂಡುಕೊಂಡ ಮದ್ದು ಇದುವೇ. ವಿಚಿತ್ರವೆಂದರೆ, ಅದು ಮೊದಲು ಪ್ರಯೋಗವಾಗುವುದು ಹೆಣ್ಣುಮಕ್ಕಳ ಮೇಲೆ. ಮಗ ರಾತ್ರಿ ಎರಡರವರೆಗೂ ಪರದೆ ಉಜ್ಜುತ್ತಿದ್ದರೆ ಹುಡುಗಾಟ, ಮಗಳು ಗೆಳತಿಗೆ ಸಂದೇಶ ಕಳಿಸಿದರೆ ಅಪರಾಧ! 2020ರ ಲಾಕ್‌ಡೌನ್‌ನಲ್ಲಿ ಪಾಠ ನಡೆದದ್ದೇ ಮೊಬೈಲಿನಲ್ಲಿ. ಇಂದು ವಿದ್ಯಾರ್ಥಿವೇತನದ ಅರ್ಜಿ, ಫಲಿತಾಂಶ, ಉದ್ಯೋಗದ ಕರೆ ಎಲ್ಲವೂ ಅದರಲ್ಲೇ. ಮಗಳ ಕೈಯಿಂದ ಅದನ್ನು ಕಿತ್ತುಕೊಳ್ಳುವುದೆಂದರೆ ಅವಳ ಶಿಕ್ಷಣದ ಒಂದು ಬಾಗಿಲನ್ನು ಮುಚ್ಚುವುದು. ದೃಷ್ಟಿ ತಗ್ಗಿಸುವ ಆದೇಶವನ್ನು ಕುರ್‌ಆನ್ ಮೊದಲು ನೀಡಿದ್ದು ಪುರುಷರಿಗೆ ಎಂಬುದನ್ನು ಇಂತಹ ಹಿರಿಯರು ಮರೆಯಬಾರದು.

ಮಾಡಬೇಕಾದ ಕೆಲಸ ಬೇರೆಯೇ ಇದೆ. ಮೊದಲನೆಯದು ಪ್ರಭುತ್ವದ್ದು. ಹದಿನೆಂಟು ತುಂಬದವರ ಚಲನವಲನವನ್ನು ಹಿಂಬಾಲಿಸಿ ಅವರನ್ನೇ ಗುರಿಯಾಗಿಸಿ ಜಾಹೀರಾತು ನೀಡಬಾರದೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಬೇಟೆಗಾರನಿಗೆ ಎರಡು ವರ್ಷದ ಬಿಡುವು! ಆಸ್ಟ್ರೇಲಿಯಾವು 2025ರ ಡಿಸೆಂಬರ್‌ನಿಂದ ಹದಿನಾರು ತುಂಬದವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿತು. ಅದು ಸರಿಯೋ ತಪ್ಪೋ ಚರ್ಚಿಸೋಣ. ಆದರೆ ಹೊಣೆ ಮಗುವಿನದ್ದಲ್ಲ, ಕಂಪೆನಿಯದ್ದು ಎಂಬ ಅದರ ತರ್ಕವನ್ನು ಅಲ್ಲಗಳೆಯುವಂತಿಲ್ಲ.

ಎರಡನೆಯದು ನಮ್ಮದು. ಊಟದ ಹೊತ್ತಿನಲ್ಲಿ ತಂದೆಯ ಮೊಬೈಲ್ ಎಲ್ಲಿರುತ್ತದೆ? ತಾನು ಇಡೀ ದಿನ ವಾಟ್ಸಾಪ್ ವದಂತಿಗಳನ್ನು ರವಾನಿಸುತ್ತಾ ಮಗನಿಗೆ ಉಪದೇಶಿಸಿದರೆ ಮಗ ಕಲಿಯುವುದು ಉಪದೇಶವನ್ನಲ್ಲ, ರವಾನೆಯನ್ನು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಬಡ್ಡಿಯೆಷ್ಟು, ಒಟ್ಟು ತೆರುವ ಹಣವೆಷ್ಟು ಎಂದು ಮಕ್ಕಳೊಡನೆ ಕುಳಿತು ಲೆಕ್ಕ ಹಾಕೋಣ. ಜಮಾಅತ್‌ಗಳು ಮಸೀದಿಯ ಪಕ್ಕದ ಕೋಣೆಯನ್ನು ಸಂಜೆಯ ವೇಳೆ ವಾಚನಾಲಯವಾಗಿ ತೆರೆಯಲಿ, ಹುಡುಗರಿಗೊಂದು ಆಟದ ಬಯಲು ಕೊಡಿಸಲಿ. ಹೋಗಲು ಜಾಗವಿಲ್ಲದವನು ಪರದೆಯೊಳಗೆ ಹೋಗುತ್ತಾನೆ.

ಯೌವನವನ್ನು ಯಾವುದರಲ್ಲಿ ಸವೆಸಿದೆ ಎಂದು ನಾಳೆ ನಮ್ಮ ಮಕ್ಕಳನ್ನು ಕೇಳಲಾಗುವುದು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ಯೌವನವನ್ನು ಮಾರಾಟಕ್ಕಿಟ್ಟವರನ್ನು ಕಂಡೂ ಸುಮ್ಮನಿದ್ದುದೇಕೆ ಎಂದು ನಮ್ಮನ್ನು ಕೇಳಿದರೆ, ನಮ್ಮ ಬಳಿ ಉತ್ತರವಿದೆಯೇ?