ಮನೆಗೊಬ್ಬರು ಗಣಕಯಂತ್ರ ಕಲಿಯಲಿ

ಬಿತ್ತನೆಯ ಹಂಗಾಮು ಬಂತೆಂದರೆ ನಮ್ಮ ಒಕ್ಕಲಿಗರು ಕೂರಿಗೆ, ಕುಂಟೆ, ಬೀಜ, ಗೊಬ್ಬರಗಳನ್ನು ಮುಂಚಿತವಾಗಿ ನೋಡಿಕೊಳ್ಳುತ್ತಾರೆ. ಕೂರಿಗೆಯ ತಾಳು ಸಡಿಲಾಗಿದ್ದರೆ ಹೊಲಕ್ಕೆ ಹೋಗುವ ಮೊದಲೇ ಬಿಗಿ ಮಾಡಿಸುತ್ತಾರೆ. ಆದರೆ ಇಂದು ಒಕ್ಕಲುತನದ ಸಾಲ, ವಿಮೆ, ಪರಿಹಾರ, ಬೆಂಬಲ ಬೆಲೆಗಳೆಲ್ಲ ಇನ್ನೊಂದು ಸಲಕರಣೆಯನ್ನು ಅವಲಂಬಿಸಿವೆ. ಅದೇ ಗಣಕಯಂತ್ರ, ಅಂದರೆ ಕಂಪ್ಯೂಟರ್. ಅದೊಂದನ್ನು ಮಾತ್ರ ನಾವು ಪೂರ್ತಿಯಾಗಿ ಪರರ ಕೈಗೆ ಒಪ್ಪಿಸಿ ಕುಳಿತಿದ್ದೇವೆ. ಇದು ಸರಿಯಲ್ಲ.

ಹಿಂದೆ ಉತಾರ ಬೇಕೆಂದರೆ ತಲಾಠಿಯವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಪಕ್ಕದೂರಿಗೆ ಹೋಗಿದ್ದರೆ ಆ ದಿನ ವ್ಯರ್ಥ. ಈ ಸಹಸ್ರಮಾನದ ಆರಂಭದಲ್ಲಿ ರಾಜ್ಯ ಸರಕಾರ 'ಭೂಮಿ' ಯೋಜನೆಯನ್ನು ಜಾರಿಗೆ ತಂದು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟವರಿಗೆ ಉತಾರ ಸಿಗತೊಡಗಿತು. ಆ ಯೋಜನೆಯಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿತ್ತು. ಸಿಬ್ಬಂದಿಯ ಪರದೆಯಲ್ಲದೆ, ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಕಿಂಡಿಯಲ್ಲಿ ಇಡಲಾಗಿತ್ತು. ಒಳಗೆ ಕುಳಿತವರು ಏನು ಮಾಡುತ್ತಿದ್ದಾರೆಂಬುದನ್ನು ಹೊರಗೆ ನಿಂತವನು ಕಣ್ಣಾರೆ ನೋಡಲಿ ಎಂಬುದೇ ಅದರ ಉದ್ದೇಶ. ಪರದೆಯೇನೋ ನಮ್ಮ ಕಡೆ ತಿರುಗಿತು. ಅದನ್ನು ಓದಿ ತಿಳಿದುಕೊಳ್ಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳಲಿಲ್ಲ.

ಆಲಮಟ್ಟಿ ಹಿನ್ನೀರಿನಲ್ಲಿ ಮನೆ, ಹೊಲ ಕಳೆದುಕೊಂಡ ಬಾಗಲಕೋಟೆಯ ಸುತ್ತಿನ ಜನರಿಗೆ ದಾಖಲೆಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದವರಿಗೆ ಆ ಬೆಲೆ ಬೆಳೆ ಕೈಕೊಟ್ಟ ವರ್ಷದಲ್ಲಿ ತಿಳಿಯುತ್ತದೆ. ಹೊಲದಲ್ಲಿ ಉಳ್ಳಾಗಡ್ಡಿ ಇದ್ದು ಬೆಳೆ ಸಮೀಕ್ಷೆಯಲ್ಲಿ ಗೋವಿನಜೋಳ ಎಂದು ನಮೂದಾಗಿದ್ದರೆ ವಿಮೆಯ ಅರ್ಜಿಗೂ ಸಮೀಕ್ಷೆಗೂ ತಾಳೆಯಾಗದೆ ಹಣ ನಿಂತುಹೋಗುತ್ತದೆ. 'ಫ್ರೂಟ್ಸ್' ತಂತ್ರಾಂಶದ ರೈತ ಗುರುತಿನ ಸಂಖ್ಯೆಗೆ ಒಂದು ಸರ್ವೆ ನಂಬರು ಸೇರದೆ ಉಳಿದಿದ್ದರೆ ಆ ಹೊಲದ ಪರಿಹಾರಕ್ಕೆ ತೊಡಕಾಗುತ್ತದೆ. ಆಧಾರಿನಲ್ಲಿ ಒಂದು ಹೆಸರು, ಉತಾರದಲ್ಲಿ ಇನ್ನೊಂದು ಹೆಸರು ಇದ್ದರಂತೂ ಅಲೆದಾಟ ತಪ್ಪಿದ್ದಲ್ಲ. ಇವೆಲ್ಲ ಬರಗಾಲದಂತೆ ಮೇಲಿನಿಂದ ಬಂದ ಸಂಕಟಗಳಲ್ಲ. ಸಮಯಕ್ಕೆ ಸರಿಯಾಗಿ ಒಂದು ಕಣ್ಣು ಹಾಯಿಸಿದ್ದರೆ ತಪ್ಪಿಸಬಹುದಾದವು. ಸಮೀಕ್ಷೆಯ ವಿವರವನ್ನು ನೋಡಿ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವ ಅವಕಾಶ ರೈತನಿಗಿದೆ. ನೋಡದವನಿಗೆ ಆ ಅವಕಾಶ ಇದ್ದೂ ಇಲ್ಲದಂತೆ.

'ಕಿಸೆಯಲ್ಲಿ ಮೊಬೈಲ್ ಇದೆಯಲ್ಲ, ಕಂಪ್ಯೂಟರ್ ಏಕೆ?' ಎಂದು ಕೇಳುವವರಿದ್ದಾರೆ. ಮಾತನಾಡಲು, ಫೋಟೊ ತೆಗೆಯಲು ಮೊಬೈಲ್ ಸಾಕು. ಆದರೆ ಉದ್ದನೆಯ ಅರ್ಜಿ ತುಂಬುವುದು, ಅಗಲವಾದ ಉತಾರವನ್ನು ಅಂಕಣ ಅಂಕಣವಾಗಿ ಓದುವುದು, ಐದಾರು ಕಾಗದಗಳನ್ನು ಒಪ್ಪವಾಗಿ ಜೋಡಿಸಿಟ್ಟು ಮುದ್ರಿಸುವುದು ದೊಡ್ಡ ಪರದೆಯ ಮುಂದೆ ಸಲೀಸು. ಇದಕ್ಕೆ ದೊಡ್ಡ ಓದು ಬೇಕಾಗಿಲ್ಲ. ಕನ್ನಡ ಓದಲು ಬರೆಯಲು ಬಲ್ಲವರು ಕೆಲವು ವಾರಗಳ ಅಭ್ಯಾಸದಿಂದ ಕಲಿಯಬಹುದಾದ ಸಂಗತಿಗಳಿವು.

ಮೊದಲನೆಯದು ಮೌಸಿನ ಹಿಡಿತ. ಇಳಕಲ್ಲಿನ ನೇಕಾರ ಬಂಧುಗಳಿಗೆ ಇದನ್ನು ವಿವರಿಸುವುದು ಸುಲಭ. ಲಾಳಿ ಹಿಡಿದ ದಿನವೇ ಯಾರೂ ಟೋಪ ತೆನಿ ಸೆರಗು ನೇಯುವುದಿಲ್ಲ, ಕೈ ಪಳಗಬೇಕು. ಅಕ್ಷರ ಸಣ್ಣದಾಗಿ ಕಂಡರೆ ಕಂಟ್ರೋಲ್ ಕೀಲಿ ಹಿಡಿದು ಅಧಿಕ ಚಿಹ್ನೆ ಒತ್ತಿದರೆ ಪುಟ ದೊಡ್ಡದಾಗುತ್ತದೆ. ಉದ್ದನೆಯ ಪಟ್ಟಿಯಲ್ಲಿ ಹೆಸರು ಹುಡುಕಲು ಕಂಟ್ರೋಲ್ ಹಿಡಿದು ಎಫ್ ಒತ್ತಿ ಹೆಸರು ಬರೆದರೆ ಸಾಕು.

ಎರಡನೆಯದು ಕನ್ನಡದಲ್ಲಿ ಬರೆಯುವುದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಬಳಕೆಯಾಗಿರುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಬಿ, ಶಿಫ್ಟ್ ಹಿಡಿದು ಎ, ಡಿ, ಮತ್ತೆ ಶಿಫ್ಟ್ ಹಿಡಿದು ಎ, ಎಂ, ಐ ಒತ್ತಿದರೆ 'ಬಾದಾಮಿ' ಎಂದು ಮೂಡುತ್ತದೆ. ಒತ್ತಕ್ಷರಕ್ಕೆ ಎರಡು ವ್ಯಂಜನಗಳ ನಡುವೆ ಎಫ್ ಕೀಲಿ. ಇಷ್ಟು ತಿಳಿದವರು ತಮ್ಮ ತಕರಾರು ಅರ್ಜಿಯನ್ನು ತಾವೇ ಬರೆಯಬಲ್ಲರು.

ಮೂರನೆಯದು ಪಟ್ಟಿಯಿಂದ ಸರಿಯಾದುದನ್ನು ಆರಿಸುವುದು. ಹಿಂದೆ ಹುನಗುಂದ ತಾಲೂಕಿನಲ್ಲಿದ್ದ ಇಳಕಲ್ಲ ಈಗ ತಾನೇ ಒಂದು ತಾಲೂಕು. ಬಾದಾಮಿಯಿಂದ ಗುಳೇದಗುಡ್ಡ ಬೇರೆಯಾಗಿದೆ. ಹಳೆಯ ರೂಢಿಯಂತೆ ತಾಲೂಕು ಆರಿಸಿದರೆ ನಿಮ್ಮ ಊರಿನ ಹೆಸರೇ ಪಟ್ಟಿಯಲ್ಲಿ ಸಿಗಲಿಕ್ಕಿಲ್ಲ. ತಾಲೂಕು, ಹೋಬಳಿ, ಊರು, ಸರ್ವೆ ನಂಬರು, ಹಿಸ್ಸಾ ಎಂಬ ಕ್ರಮದಲ್ಲಿ ಸಾವಕಾಶವಾಗಿ ನೋಡಿ ಒತ್ತಬೇಕು.

ನಾಲ್ಕನೆಯದು ಕಾಗದವನ್ನು ಉಳಿಸಿಡುವುದು. ಬರೆಯುವಾಗ ಆಗಾಗ ಸೇವ್ ಮಾಡದಿದ್ದರೆ ಕರೆಂಟು ಹೋದಾಗ ಶ್ರಮವೆಲ್ಲ ಹೋಗುತ್ತದೆ. ಫೈಲಿಗೆ ಗುರುತು ಸಿಗುವ ಹೆಸರು ಕೊಡಿ: ಉತಾರ, ಸರ್ವೆ ನಂಬರು, ವರ್ಷ. ಹಿಸ್ಸಾ ಬರೆಯುವಾಗ ಹಾಕುವ ಓರೆಗೆರೆಯನ್ನು ವಿಂಡೋಸ್ ಕಂಪ್ಯೂಟರ್ ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಅಲ್ಲಿ ಅಡ್ಡಗೆರೆ ಹಾಕಬೇಕು. ಮನೆಯ ದಾಖಲೆಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು, ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೂ ಇರಿಸಿಕೊಳ್ಳುವುದು ಜಾಣತನ.

ಐದನೆಯದು ಗುಟ್ಟು ಕಾಯುವುದು. ಪಾಸ್‌ವರ್ಡು, ಒಟಿಪಿ ಇವು ಕಣಜದ ಕೀಲಿ ಇದ್ದಂತೆ. ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿ, ಅಲ್ಲಿ ಉಳಿದ ನಿಮ್ಮ ಕಾಗದಗಳನ್ನು ಅಳಿಸಿ ಏಳಬೇಕು. ಮೋಸದಿಂದ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಫೋನ್ ಮಾಡಬೇಕು.

ಇನ್ನು ಕಲಿಸುವವರ ಮಾತು. ಗ್ರಾಮೀಣ ಕುಟುಂಬಕ್ಕೊಬ್ಬರಂತೆ 6 ಕೋಟಿ ಜನರಿಗೆ ಕಲಿಸುವ ಗುರಿಯಿಂದ ಕೇಂದ್ರ ಸರಕಾರ 2017ರಲ್ಲಿ 20 ಗಂಟೆಗಳ ಡಿಜಿಟಲ್ ಸಾಕ್ಷರತಾ ತರಬೇತಿಯನ್ನು ಆರಂಭಿಸಿತ್ತು. ಆ ಯೋಜನೆ 2024ರ ಮಾರ್ಚಿಗೆ ಮುಗಿಯಿತು. ಗುರಿಗಿಂತ ಹೆಚ್ಚು ಜನ ತರಬೇತಿ ಪಡೆದರೆಂಬ ಲೆಕ್ಕ ಸರಕಾರದ ಬಳಿ ಇದೆ. ಆದರೆ ಕಲಿತದ್ದು ಕೈಯಲ್ಲಿ ಉಳಿಯಬೇಕಾದರೆ ದಿನವೂ ಮುಟ್ಟಲು ಒಂದು ಯಂತ್ರ ಬೇಕು. ಯೋಜನೆ ಮುಗಿಯಿತೆಂದು ಅಗತ್ಯ ಮುಗಿಯಲಿಲ್ಲ.

ಹೊಸ ಕಟ್ಟಡ, ಹೊಸ ಅನುದಾನಗಳಿಗೆ ಕಾಯುವ ಕಾರಣವಿಲ್ಲ. ಅನೇಕ ಪ್ರೌಢಶಾಲೆಗಳಲ್ಲಿ, ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರುಗಳಿವೆ. ಶಾಲೆ ಬಿಟ್ಟ ಮೇಲೆ ವಾರಕ್ಕೆ ಎರಡು ಸಂಜೆ ಅವುಗಳನ್ನು ದೊಡ್ಡವರಿಗಾಗಿ ತೆರೆದಿಡುವುದು ಪಂಚಾಯತಿಗೆ ಅಸಾಧ್ಯವೇನಲ್ಲ. ಕಾಲೇಜು ಓದುವ ಹುಡುಗ ಹುಡುಗಿಯರು ಕಲಿಸಲಿ. ಸ್ವಸಹಾಯ ಸಂಘದ ತಾಯಂದಿರು ತಮ್ಮ ಲೆಕ್ಕದ ವಹಿಯನ್ನೇ ತಂದು ಅದರ ಮೇಲೆ ಅಭ್ಯಾಸ ಮಾಡಲಿ. ಮನೆಗೊಬ್ಬರು ಕಲಿಯುವುದಾದರೆ ಆ ಒಬ್ಬರು ಮನೆಯ ಸೊಸೆಯಾದರೂ ಆಗಬಹುದು. ಕೆಲಸ ಹುಡುಕಿ ಮಗ ಪಟ್ಟಣ ಸೇರಿದ ಮನೆಗಳಲ್ಲಿ ದಾಖಲೆ ಕಾಯುವವಳು ಅವಳೇ.

ಗ್ರಾಮ ಒನ್, ನಾಡಕಚೇರಿಗಳ ಸಿಬ್ಬಂದಿಗೂ ಒಂದು ಮಾತು. ನಿಮ್ಮ ಮುಂದೆ ಸರದಿ ಉದ್ದವಿರುತ್ತದೆ, ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ ಎಂಬುದನ್ನು ಬಲ್ಲೆವು. ಆದರೂ ಅರ್ಜಿ ಸಲ್ಲಿಸುವ ಕೊನೆಯ ಗುಂಡಿ ಒತ್ತುವ ಮೊದಲು ಪರದೆಯನ್ನು ರೈತನ ಕಡೆ ತಿರುಗಿಸಿ ಹೆಸರು, ಸರ್ವೆ ನಂಬರು, ಬೆಳೆ, ಖಾತೆ ಸಂಖ್ಯೆ ಇಷ್ಟನ್ನು ಗಟ್ಟಿಯಾಗಿ ಓದಿ ಹೇಳಿ. ಒಂದು ನಿಮಿಷದ ಈ ಕೆಲಸ ಆತನ ಒಂದು ತಿಂಗಳ ಓಡಾಟವನ್ನು ತಪ್ಪಿಸಬಲ್ಲದು.

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ಒಕ್ಕಲುತನದ ಮಾತಿಗೆ ನಾವು ದಿನವೂ ಬಳಸುತ್ತೇವೆ. ಹೊಲದ ಕೆಲಸಕ್ಕೆ ಸಲ್ಲುವ ಮಾತು ಹೊಲದ ದಾಖಲೆಗೂ ಸಲ್ಲುತ್ತದೆ. ಈ ವಾರವೇ ನಿಮ್ಮೂರಿನ ಶಾಲೆಯ ಮುಖ್ಯ ಗುರುಗಳನ್ನೋ ಅರಿವು ಕೇಂದ್ರದ ಮೇಲ್ವಿಚಾರಕರನ್ನೋ ಕಂಡು ಕೇಳಿರಿ. ಮುಂದಿನ ಬಿತ್ತನೆಯ ಹೊತ್ತಿಗೆ ನಿಮ್ಮ ಹೊಲದ ಉತಾರವನ್ನು ನಿಮ್ಮ ಮನೆಯವರೇ ತೆರೆದು, ಓದಿ, ಸರಿ ತಪ್ಪು ಹೇಳುವಂತಾಗಲಿ.