ಓದಿಗೂ ಮುಯ್ಯಾಳು ಬೇಕು

 

ನಮ್ಮೂರಿನ ಅರಳಿಕಟ್ಟೆ ಹತ್ತಿರ ದಿನಾ ಬೆಳಿಗ್ಗೆ ಮೈಸೂರಿನ ಕಾನ್ವೆಂಟ್ ವ್ಯಾನು ಬಂದು ನಿಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ವರ್ಷದಿಂದ ವರ್ಷಕ್ಕೆ ಅದಕ್ಕೆ ಹತ್ತುವ ಮಕ್ಕಳು ಜಾಸ್ತಿ ಆಗುತ್ತಿದ್ದಾರೆ. ನಮ್ಮ ಎಂಟನೇ ತರಗತಿಯಲ್ಲಿ ಬೆಂಚುಗಳು ಖಾಲಿ ಬೀಳುತ್ತಿವೆ. ಹೀಗೇ ಮುಂದುವರಿದರೆ ಈ ಗೋಡೆ ಪತ್ರಿಕೆಗೆ ಬರೆಯುವವರೂ ಇರುವುದಿಲ್ಲ, ನಿಂತು ಓದುವವರೂ ಇರುವುದಿಲ್ಲ. ಆದ್ದರಿಂದ ಈ ವಿಷಯ ಬರೆಯಲೇಬೇಕು ಅನ್ನಿಸಿತು.

ಯಾಕೆ ಕಳಿಸ್ತೀರಿ ಅಂತ ದೊಡ್ಡವರನ್ನು ಕೇಳಿದರೆ ಅವರು ಹೇಳುವುದು ಮೂರೇ ಮಾತು. “ಅಲ್ಲಿ ಇಂಗ್ಲಿಷ್ ಕಲಿಸ್ತಾರೆ, ಶಿಸ್ತು ಐತೆ, ರಿಸಲ್ಟ್ ಚೆನ್ನಾಗಿ ಬರುತ್ತೆ.” ಮೂರೂ ಸುಳ್ಳಲ್ಲ. ಆದರೆ ಆ ಶಿಸ್ತು, ಆ ರಿಸಲ್ಟು ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳುವುದಿಲ್ಲ. ಟೈ, ಶೂ, ಬೆಲ್ಟಿನಿಂದ ಬರುತ್ತೆ ಅಂತ ನಮ್ಮ ಹುಡುಗರೂ ನಂಬಿಕೊಂಡಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಅಲ್ಲಿನ ಒಳ್ಳೆಯ ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಬಾಳುವುದನ್ನು ಕಲಿಯುತ್ತಾರೆ. ಸಾಧನೆ ಅದರ ಹಿಂದೆ ಬರುತ್ತದೆ. ನಾವು ಕಲಿಯಬೇಕಾದದ್ದು ಅದನ್ನು. ಅದಕ್ಕೆ ದುಡ್ಡು ಬೇಕಾಗಿಲ್ಲ.

ಮೊದಲು ‘ಕಾನ್ವೆಂಟ್’ ಅನ್ನುವ ಮಾತನ್ನೇ ನೋಡೋಣ. ನಮ್ಮ ಕಡೆ ಇಂಗ್ಲಿಷ್ ಶಾಲೆಗಳಿಗೆಲ್ಲ ಕಾನ್ವೆಂಟ್ ಅನ್ನುತ್ತಾರೆ. ನಿಜವಾಗಿ ಕ್ಯಾಥೋಲಿಕ್ ಸಿಸ್ಟರುಗಳು ಒಟ್ಟಾಗಿ ವಾಸಿಸುವ ಮನೆಗೆ ಆ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಅರ್ಥ ‘ಒಟ್ಟು ಸೇರುವುದು’. ಆ ಮನೆಗಳ ಪಕ್ಕದಲ್ಲಿ ಶಾಲೆಗಳು ಹುಟ್ಟಿದವು, ಹೆಸರು ಶಾಲೆಗೂ ಅಂಟಿಕೊಂಡಿತು. ನಾವು ಹೆಸರು ಹಿಡಿದುಕೊಂಡು ಅರ್ಥ ಬಿಟ್ಟೆವು.

ಮೈಸೂರಿನಲ್ಲಿ ಕ್ಯಾಥೋಲಿಕರು ಎಣಿಕೆಯಲ್ಲಿ ಸ್ವಲ್ಪ ಜನ. ಆದರೂ ನಗರ ಅವರಿಗೆ ಜಾಗ ಕೊಟ್ಟಿತು, ಅವರು ನಗರಕ್ಕೆ ಶಾಲೆ ಕೊಟ್ಟರು. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿ ಚರ್ಚು ಕಟ್ಟಿಸಿಕೊಟ್ಟರು. ಈಗ ಅಶೋಕ ರಸ್ತೆಯ ಕಡೆ ಕಾಣುವ, 175 ಅಡಿ ಎತ್ತರದ ಎರಡು ಗೋಪುರಗಳ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. 1946ರಲ್ಲಿ ಬೆಂಗಳೂರು ರಸ್ತೆಯಲ್ಲಿ ಸಂತ ಫಿಲೋಮಿನಾ ಕಾಲೇಜು ಶುರುವಾಯಿತು. ಸೇಂಟ್ ಜೋಸೆಫ್ಸ್, ಗುಡ್ ಶೆಫರ್ಡ್, ಕ್ರೈಸ್ಟ್ ದ ಕಿಂಗ್ ಮುಂತಾದ ಶಾಲೆಗಳ ಹೆಸರು ಮೈಸೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಅಲ್ಲಿ ಓದುವ ಮಕ್ಕಳಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ.

ಅದಕ್ಕೂ ಹಿಂದಿನ ಒಂದು ಕಥೆ ನನಗೆ ಬಹಳ ಇಷ್ಟ. ಅಬ್ಬೆ ದ್ಯುಬುವಾ ಎಂಬ ಫ್ರಾನ್ಸ್ ದೇಶದ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಕ್ಯಾಥೋಲಿಕರನ್ನು ಮತ್ತೆ ಒಟ್ಟುಗೂಡಿಸಲು ನಮ್ಮ ಸೀಮೆಗೆ ಬಂದರು. ನಮ್ಮವರ ಹಾಗೆಯೇ ಉಡುಪು ಹಾಕಿಕೊಂಡು, ನಮ್ಮವರ ಊಟ ಉಂಡುಕೊಂಡು ಹಳ್ಳಿ ಹಳ್ಳಿ ತಿರುಗಿದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಸಿಡುಬಿನಿಂದ ಜನ ಸಾಯುತ್ತಿದ್ದ ಕಾಲ ಅದು. ಅವರು ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತರು. ಆಗ ಲಸಿಕೆ ಇಡಲು ಫ್ರಿಜ್ ಇರಲಿಲ್ಲ. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುವುದೇ ಆ ಕಾಲದ ಪದ್ಧತಿ. ಒಂದು ಮಗು ತೋಳು ಚಾಚಿದರೆ ಮುಂದಿನ ಮಗು ಬದುಕಿತು. ವಿದ್ಯೆಯೂ ಹೀಗೇ ಅಲ್ಲವೇ? ಒಬ್ಬರ ಹತ್ತಿರವೇ ಇದ್ದರೆ ಅದು ಅಲ್ಲಿಗೇ ಮುಗಿಯಿತು.

ಈಗಿನ ಶಾಲೆಗೆ ಬರೋಣ. ನನ್ನ ದೊಡ್ಡಮ್ಮನ ಮಗಳು ಮೈಸೂರಿನ ಒಂದು ಕ್ಯಾಥೋಲಿಕ್ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಳೆ. ಹಬ್ಬಕ್ಕೆ ಬಂದಾಗ ನಾನು ಬಿಡದೆ ಕೇಳುತ್ತೇನೆ. ಅವರ ಶಾಲೆಯಲ್ಲಿ ಮಕ್ಕಳನ್ನೆಲ್ಲ ನಾಲ್ಕು ‘ಹೌಸ್’ ಮಾಡಿದ್ದಾರೆ. ಕೆಂಪು, ನೀಲಿ, ಹಸಿರು, ಹಳದಿ. ಪ್ರತಿ ಹೌಸಿನಲ್ಲೂ ಎಲ್ಲ ತರಗತಿಯವರು ಇರುತ್ತಾರೆ. ಬೆಳಗಿನ ಪ್ರಾರ್ಥನೆ ನಡೆಸುವುದು, ಸುದ್ದಿ ಓದುವುದು, ಗಿಡಕ್ಕೆ ನೀರು ಹಾಕುವುದು, ಊಟದ ಹೊತ್ತಿನಲ್ಲಿ ಚಿಕ್ಕವರನ್ನು ನೋಡಿಕೊಳ್ಳುವುದು, ಎಲ್ಲಕ್ಕೂ ಸರದಿ ಇದೆ. ಮಾತೇ ಆಡದ ಹುಡುಗಿಗೂ ಸರದಿ ತಪ್ಪುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚೆ 40 ದಿನದ ತಪಸ್ಸುಕಾಲದಲ್ಲಿ ಮನೆಯಿಂದ ಹಿಡಿ ಹಿಡಿ ಅಕ್ಕಿ ತಂದು ಕೂಡಿಸಿ ವೃದ್ಧಾಶ್ರಮಕ್ಕೆ ಕೊಡುತ್ತಾರೆ. ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವಾಗ ಹುಲ್ಲು ತರುವವರು ಒಬ್ಬರು, ಬಣ್ಣದ ಕಾಗದ ಕತ್ತರಿಸುವವರು ಇನ್ನೊಬ್ಬರು. ಯಾರು ಯಾವ ಧರ್ಮ ಅಂತ ಆಗ ಯಾರೂ ಕೇಳುವುದಿಲ್ಲ.

“ನೀನು ಯಾವುದರಲ್ಲಿ ಫಸ್ಟು?” ಅಂತ ಒಮ್ಮೆ ಕೇಳಿದೆ. “ನಾನು ಯಾವುದರಲ್ಲೂ ಫಸ್ಟಿಲ್ಲ ಕಣೇ. ಆದ್ರೆ ನಾನು ಒಂದಿನ ಹೋಗ್ಲಿಲ್ಲ ಅಂದ್ರೆ ನಮ್ಮ ಹೌಸಲ್ಲಿ ಒಂದು ಕೆಲಸ ನಿಂತೋಗುತ್ತೆ,” ಅಂದಳು.

ಈ ಮಾತು ನನ್ನ ಮನಸ್ಸಿಗೆ ನಾಟಿತು. ತಾನು ಇಲ್ಲದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಅಂತ ತಿಳಿದ ಮಗು ಶಾಲೆ ಬಿಡುವುದಿಲ್ಲ. ನಮ್ಮ ಜೊತೆ ಓದುತ್ತಿದ್ದ ಒಬ್ಬಳು ಕಳೆದ ವರ್ಷ ದಸರಾ ರಜೆ ಮುಗಿದ ಮೇಲೆ ಬರಲೇ ಇಲ್ಲ. ಕೆಲವು ದಿನ ಹಾಜರಿಯಲ್ಲಿ ಅವಳ ಹೆಸರು ಕರೆದರು, ಆಮೇಲೆ ಅದೂ ನಿಂತಿತು. ಅವಳಿಗಿಂತ ಕಡಿಮೆ ನಂಬರಿನವರು ಇನ್ನೂ ಓದುತ್ತಿದ್ದಾರೆ. ಬೆಂಚು ಖಾಲಿ ಮಾಡುವುದು ಬರೀ ವ್ಯಾನಲ್ಲ ಮಿತ್ರರೇ. ಕೆಲವರು ಯಾವ ವ್ಯಾನೂ ಹತ್ತದೆ ಹೊಲಕ್ಕೆ, ಗಾರ್ಮೆಂಟ್ಸಿಗೆ, ಮದುವೆಗೆ ಹೋಗಿಬಿಡುತ್ತಾರೆ.

ಕಾನ್ವೆಂಟುಗಳಲ್ಲಿ ಎಲ್ಲವೂ ಚಿನ್ನ ಅಂತ ನಾನು ಹೇಳುವುದಿಲ್ಲ. ಫೀಸು ಕಟ್ಟಲು ಸಾಲ ಮಾಡುವ ಅಪ್ಪಂದಿರು ನಮ್ಮೂರಲ್ಲೇ ಇದ್ದಾರೆ. ಫಲಿತಾಂಶ ಬಂದಾಗ 625ಕ್ಕೆ ಇಷ್ಟು ಅಂತ ಫ್ಲೆಕ್ಸ್ ಹಾಕಿಸಿ, ಮೂರು ನಾಲ್ಕು ಮಕ್ಕಳ ಫೋಟೋ ಮಾತ್ರ ತೋರಿಸುವ ಚಾಳಿ ಎಲ್ಲ ಕಡೆಯೂ ಇದೆ. ಆ ಮಕ್ಕಳಿಗೆ ನೋಟ್ಸ್ ಕೊಟ್ಟವರು, ಜ್ವರ ಬಂದಾಗ ಮನೆಗೆ ಹೋಗಿ ಪಾಠ ಹೇಳಿದವರು ಫ್ಲೆಕ್ಸಿನಲ್ಲಿ ಬರುವುದಿಲ್ಲ. ಅಂಥ ಸಾಧನೆಯನ್ನು ಶಾಲೆಯ ಸಾಧನೆ ಅಂತ ಕರೆಯಬೇಕಾದರೆ ಅವರ ಹೆಸರೂ ಅಲ್ಲಿ ಇರಬೇಕು.

“ಅವರಿಗೆ ಫೀಸು ಬರುತ್ತೆ, ದೊಡ್ಡ ಮೈದಾನ ಐತೆ, ಅದಕ್ಕೇ ಮಾಡ್ತಾರೆ, ನಮಗೆ ಆಗುತ್ತಾ?” ಅಂತ ನೀವು ಕೇಳಬಹುದು. ನಾನು ಹೇಳುವುದು, ಇದು ನಮಗೆ ಹೊಸದೇ ಅಲ್ಲ. ನಮ್ಮೂರಲ್ಲಿ ನಾಟಿ, ಕಳೆ, ಕೊಯ್ಲಿಗೆ ಮುಯ್ಯಾಳು ಇಲ್ಲವೇ? ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಕೂಲಿ ಕೊಡಲು ಕಾಸಿಲ್ಲದವರ ಹೊಲವೂ ಹಸಿರಾಗಿದ್ದು ಇದರಿಂದಲೇ.

ಓದಿನಲ್ಲೂ ಇದು ಹಿಂದೆ ಇತ್ತು. ಹಳ್ಳಿಯ ಕೂಲಿಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದ್ರಾಸಿನಲ್ಲಿ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ (ಇವರು ಕ್ಯಾಥೋಲಿಕರಲ್ಲ) ಅಂಥದೇ ಒಂದು ಶಾಲೆಯಲ್ಲಿ ಈ ಪದ್ಧತಿ ನೋಡಿ ತಮ್ಮ ಶಾಲೆಯಲ್ಲೂ ಮಾಡಿಸಿದರು. 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಅಲ್ಲಿ ಇದಕ್ಕೆ ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರು ಬಿತ್ತು. ನಮ್ಮ ಮರಳಿನ ಪಾಠ ಸಮುದ್ರ ದಾಟಿ ಹೋಯಿತು, ನಾವು ಮಾತ್ರ ಹಿತ್ತಲ ಗಿಡ ಮದ್ದಲ್ಲ ಅಂತ ಕೂತಿದ್ದೇವೆ.

ಅದಕ್ಕೆ ಮೇಷ್ಟ್ರುಗಳಲ್ಲಿ ಮತ್ತು ಮಿತ್ರರಲ್ಲಿ ನನ್ನ ಮನವಿ ಇದು. ಮೊದಲನೆಯದು, ನಮ್ಮ ಶಾಲೆಯಲ್ಲೂ ನಾಲ್ಕು ತಂಡ ಆಗಲಿ. ಹೆಸರಿಗೆ ನಮ್ಮ ನದಿಗಳೇ ಇವೆ: ಕಾವೇರಿ, ಕಪಿಲಾ, ಹೇಮಾವತಿ, ಲಕ್ಷ್ಮಣತೀರ್ಥ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಯವರು ಪ್ರತಿ ತಂಡದಲ್ಲಿರಲಿ. ಬಿಸಿಯೂಟ ಬಡಿಸುವುದರಿಂದ ಹಿಡಿದು ಈ ಗೋಡೆ ಪತ್ರಿಕೆ ಬರೆಯುವ ತನಕ ಸರದಿ ಇರಲಿ. ಓಟಕ್ಕೆ ಮಾತ್ರ ಅಂಕ ಬೇಡ. ಲೈಬ್ರರಿ ಪುಸ್ತಕ ಓದಿದ್ದಕ್ಕೂ, ಹಾಜರಿಗೂ ಅಂಕ ಇರಲಿ. ತಂಡದವರು ಒಬ್ಬರು ಮೂರು ದಿನ ಬರಲಿಲ್ಲ ಅಂದರೆ ಉಳಿದವರು ಅವರ ಮನೆಗೆ ಹೋಗಿ ವಿಚಾರಿಸಲಿ. ಮನೆಯವರು ಬೈದರೂ ಪರವಾಗಿಲ್ಲ.

ಎರಡನೆಯದು, ಓದಿನ ಮುಯ್ಯಾಳು. ಗಣಿತ ಬರುವವನು ಗಣಿತ ಹೇಳಿಕೊಡಲಿ, ಕನ್ನಡ ವ್ಯಾಕರಣ ಬರುವವಳು ಅದನ್ನು ತೀರಿಸಲಿ. ಎಂಟನೇ ತರಗತಿಯವರಿಗೆ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯವರು ಬರೆಯಬಹುದು, ಅನುದಾನವಿಲ್ಲದ ಖಾಸಗಿ ಶಾಲೆಯವರು ಬರೆಯುವ ಹಾಗಿಲ್ಲ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ. ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಈ ದುಡ್ಡು ಬರುತ್ತೆ ಅಂದರೆ “ಹೆಣ್ಮಗೀಗೆ ಓದು ಯಾಕೆ” ಅನ್ನುವ ಮನೆಯಲ್ಲೂ ಯೋಚನೆ ಮಾಡುತ್ತಾರೆ. ಪರೀಕ್ಷೆ ಬರೆದ ಒಂಬತ್ತನೆಯವರು ದಿನಕ್ಕೆ ಅರ್ಧ ಗಂಟೆ ಎಂಟನೆಯವರ ಜೊತೆ ಕೂತರೆ ಸಾಕು.

ಮೂರನೆಯದು, ಆಫೀಸ್ ರೂಮಿನ ಹೊರಗಿನ ಸಾಧಕರ ಬೋರ್ಡಿನಲ್ಲಿ ಇನ್ನೊಂದು ಸಾಲು ಬರೆಸಿ. ಹೆಚ್ಚು ಅಂಕ ತೆಗೆದವರ ಹೆಸರಿನ ಕೆಳಗೆ, ಬಿಟ್ಟುಹೋಗುತ್ತಿದ್ದವರನ್ನು ವಾಪಸ್ ಕರೆತಂದ ತಂಡದ ಹೆಸರೂ ಇರಲಿ.

ಟೈ ಇಲ್ಲದಿದ್ದರೂ ಇವೆಲ್ಲ ಆಗುತ್ತೆ. ಮೊದಲ ಕೆಲಸ ಯಾವುದು ಅಂತ ನನ್ನನ್ನು ಕೇಳಿದರೆ, ದಸರಾ ರಜೆ ಆದ ಮೇಲೆ ಬರದೇ ಹೋದ ಆ ಗೆಳತಿಯ ಮನೆಗೆ ಹೋಗುವುದು. ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾನು ಹೊರಡುತ್ತೇನೆ. ಜೊತೆಗೆ ಬರುವವರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಓದಿ ಉತ್ತರ ಕೊಡುತ್ತೇನೆ.

– 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ