ದುಡಿಯುವ ಗಾಡಿಗೂ ಗಟ್ಟಿ ಬಣ್ಣ ಬೇಕು

ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದಕ್ಕೆಯಲ್ಲಿ ಮತ್ತೆ ಕೆಲಸ ಶುರುವಾದಾಗ, ನಮ್ಮ ಮನೆಗೆ ಒಂದು ಹೊಸ ಪಿಕಪ್ ಬಂತು. ಹದಿನಾಲ್ಕು ವರ್ಷ ಬೇರೆಯವರ ಗಾಡಿ ಓಡಿಸಿದ ಅಬ್ಬ ಮೊದಲ ಸಲ ತಮ್ಮದೇ ಹೆಸರಿನ ಆರ್.ಸಿ. ಕೈಯಲ್ಲಿ ಹಿಡಿದಿದ್ದರು. ಸಾಲ ಐದು ವರ್ಷದ್ದು. ಮುಂಗಡ ಹಣಕ್ಕೆ ಉಮ್ಮನ ಎರಡು ಬಳೆಗಳು ಹೋಗಿದ್ದವು. ಅಂಗಳದಲ್ಲಿ ನಿಂತಿದ್ದ ಆ ಬಿಳಿ ಗಾಡಿಯನ್ನು ನೋಡಲು ಅಕ್ಕಪಕ್ಕದ ಮನೆಯವರೆಲ್ಲ ಬಂದಿದ್ದರು.

ಮೂರನೇ ದಿನ ಟಾರ್ಪಾಲಿನ ಹಗ್ಗದ ಕೊಕ್ಕೆ ಜಾರಿ ಬದಿಯ ತಗಡಿಗೆ ತಾಗಿತು. ಜೋರಾಗಿ ಬಡಿದದ್ದೇನೂ ಅಲ್ಲ, ಸುಮ್ಮನೆ ಸವರಿಕೊಂಡು ಹೋದದ್ದು. ಆದರೂ ಒಂದು ಗೇಣು ಉದ್ದದ ಗೀರು ಬಿತ್ತು. ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. ಅಬ್ಬ ಏನೂ ಹೇಳಲಿಲ್ಲ. ಹೆಬ್ಬೆರಳಿನಿಂದ ಅದನ್ನು ಎರಡು ಮೂರು ಸಲ ಒರೆಸಿ ನೋಡಿ, ಒಳಗೆ ಹೋಗಿ ಚಹಾ ಕುಡಿದರು. ಆಮೇಲೆ ಮೀನಿನ ಕ್ರೇಟ್ ಎಳೆಯುವಾಗ ಒಂದು, ಐಸ್ ಪೆಟ್ಟಿಗೆ ಇಳಿಸುವಾಗ ಒಂದು, ಸುಳ್ಯದ ಒಳದಾರಿಯಲ್ಲಿ ಬೇಲಿಯ ಮುಳ್ಳು ತಾಗಿ ಒಂದು. ದೀಪಾವಳಿ ರಜೆಯ ಹೊತ್ತಿಗೆ ಮೊದಲ ಗೀರಿನಲ್ಲಿ ಕಂದು ಬಣ್ಣ ಕಾಣಿಸಿತು. ಅದು ತುಕ್ಕು.

ತರಗತಿಯಲ್ಲಿ ಇದನ್ನು ಹೇಳಿದಾಗ ಗೆಳತಿಯರು ನಕ್ಕರು. “ಮೀನಿನ ಗಾಡಿಗೆ ಬಣ್ಣ ಯಾಕೆ? ಅದೇನು ಮದುವೆಗೆ ಹೋಗುತ್ತದಾ?” ಅಂದಳು ಒಬ್ಬಳು. ನಾನೂ ನಕ್ಕೆ. ಆದರೆ ಆ ಮಾತು ತಪ್ಪು ಎಂದು ಆಮೇಲೆ ಯೋಚಿಸುವಾಗ ಅನ್ನಿಸಿತು. ಅದಕ್ಕೇ ಈ ಲೇಖನ.

ಮದುವೆಗೆ ಹೋಗುವ ಕಾರಿಗೆ ಬಣ್ಣ ಅಲಂಕಾರ ಇರಬಹುದು. ದುಡಿಯುವ ಗಾಡಿಗೆ ಅದು ಚರ್ಮ. ಚರ್ಮ ಸುಲಿದರೆ ಒಳಗಿನ ಮಾಂಸ ಕೊಳೆಯುವ ಹಾಗೆ, ಬಣ್ಣ ಹೋದ ಕಡೆ ತಗಡು ಕೊಳೆಯುತ್ತದೆ. ಅದೂ ನಮ್ಮ ಕರಾವಳಿಯಲ್ಲಿ. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಪಾಠ ಓದಿದವರಿಗೆ ಇದು ಗೊತ್ತಿರುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು ಹಿಡಿಯುತ್ತದೆ. ನೀರಿನಲ್ಲಿ ಉಪ್ಪು ಇದ್ದರೆ ಅದು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವುದರಿಂದ ಆ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಮೀನಿನ ಗಾಡಿಯಲ್ಲಿ ದಿನವೂ ಸೋರುವುದು ಇಂಥ ಉಪ್ಪು ನೀರೇ. ಪಠ್ಯದಲ್ಲಿ ಒಂದು ಪುಟದ ಪಾಠ, ನಮ್ಮ ಅಂಗಳದಲ್ಲಿ ಐದು ವರ್ಷದ ಸಾಲ.

ಬಣ್ಣ ಇಷ್ಟು ಬೇಗ ಯಾಕೆ ಏಳುತ್ತದೆ ಎಂದು ಟಿಂಕರಿಂಗ್ ಕೆಲಸ ಮಾಡುವ ನನ್ನ ಮಾಮನನ್ನು ಕೇಳಿದೆ. ಅವರ ಬಳಿ ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಇದೆ. ಹಳೆ ಕಾರು ಕೊಳ್ಳುವವರು ಅದು ಆಕ್ಸಿಡೆಂಟ್ ಆಗಿ ಮತ್ತೆ ಪೇಂಟ್ ಹೊಡೆಸಿದ್ದೋ ಎಂದು ತಿಳಿಯಲು ಬಳಸುವ ಮೀಟರ್ ಅದು. ನಮ್ಮ ಗಾಡಿಯ ಬಾಗಿಲಿಗೆ ಇಟ್ಟರು, 90 ಮೈಕ್ರಾನ್ ಆಸುಪಾಸು ತೋರಿಸಿತು. ಸಾಮಾನು ತುಂಬುವ ಬಾಡಿಯ ಬದಿಗೆ ಇಟ್ಟರು, 60 ತೋರಿಸಿತು. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಜೆರಾಕ್ಸ್ ಅಂಗಡಿಯ ಒಂದು ಸಾಧಾರಣ ಹಾಳೆ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಹೆಚ್ಚು ಪೆಟ್ಟು ತಿನ್ನುವ ಜಾಗಕ್ಕೇ ಒಂದು ಕಾಗದದಷ್ಟೂ ರಕ್ಷಣೆ ಇಲ್ಲ.

ಅಷ್ಟು ದಪ್ಪದಲ್ಲೇ ಹಲವು ಪದರಗಳು ಇರುತ್ತವೆ ಎಂದು ಮಾಮ ವಿವರಿಸಿದರು. ಕಾರ್ಖಾನೆಯಲ್ಲಿ ಮೊದಲು ತಗಡನ್ನು ತೊಳೆದು ಫಾಸ್ಫೇಟ್ ಲೇಪ ಕೊಡುತ್ತಾರೆ. ಆಮೇಲೆ ಇಡೀ ಬಾಡಿಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಸುಮಾರು 20 ಮೈಕ್ರಾನ್ ದಪ್ಪದ ಪದರ ಕೂರಿಸುತ್ತಾರೆ. ತುಕ್ಕನ್ನು ತಡೆಯುವ ಮುಖ್ಯ ಪದರ ಇದೇ. ಅದರ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್. ಕಾರುಗಳಲ್ಲಿ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಆಗುತ್ತದೆ. ಸರಕು ಗಾಡಿಗಳ ಸಾದಾ ಬಿಳಿ ಬಣ್ಣದಲ್ಲಿ ಎಷ್ಟೋ ಸಲ ಕ್ಲಿಯರ್ ಕೋಟ್ ಇರುವುದಿಲ್ಲ, ಬಣ್ಣವೇ ಕೊನೆಯ ಪದರ.

ಬಣ್ಣ ಎಷ್ಟು ಗಟ್ಟಿ ಎಂದು ನೋಡಲು ಪೇಂಟ್ ಉದ್ಯಮದವರು ಪೆನ್ಸಿಲ್ ಬಳಸುತ್ತಾರೆ ಎಂಬುದು ನನಗೆ ಆಶ್ಚರ್ಯ ತಂದ ಸಂಗತಿ. ನಮ್ಮ ಕಂಪಾಸ್ ಪೆಟ್ಟಿಗೆಯಲ್ಲಿರುವಂಥದ್ದೇ ಎಚ್‌ಬಿ, ಎಚ್, 2ಎಚ್ ಪೆನ್ಸಿಲ್‌ಗಳು. ಅವನ್ನು 45 ಡಿಗ್ರಿ ಕೋನದಲ್ಲಿ ಹಿಡಿದು, ನಿಗದಿತ ಭಾರ ಹಾಕಿ ಬಣ್ಣದ ಮೇಲೆ ಎಳೆಯುತ್ತಾರೆ. ಯಾವ ಪೆನ್ಸಿಲ್ ಗೀರು ಹಾಕುತ್ತದೋ ಅದರಿಂದ ಬಣ್ಣದ ಗಟ್ಟಿತನ ತಿಳಿಯುತ್ತದೆ. ಪೆನ್ಸಿಲ್‌ನಿಂದ ಅಳೆಯುವ ವಸ್ತುವಿನ ಮೇಲೆ ನಾವು ಕಬ್ಬಿಣದ ಕೊಕ್ಕೆ ಎಳೆಯುತ್ತೇವೆ. ಮರಳಿನಲ್ಲಿರುವ ಕ್ವಾರ್ಟ್ಜ್ ಮೋಸ್ ಮಾಪಕದಲ್ಲಿ 7, ಸಾಧಾರಣ ಗಾಜಿಗಿಂತಲೂ ಗಟ್ಟಿ. ಅದಕ್ಕೇ ಧೂಳು ಕೂತ ಗಾಡಿಯನ್ನು ಒಣ ಬಟ್ಟೆಯಿಂದ ಒರೆಸಿದರೂ ಸಣ್ಣ ಸಣ್ಣ ಗೀರು ಬೀಳುತ್ತವೆ.

ಇಲ್ಲಿ ಕಂಪನಿಗಳ ಮಾತನ್ನೂ ಕೇಳಬೇಕು. “ಹಳೆ ಗಾಡಿಯ ಬಣ್ಣವೇ ಚೆನ್ನಾಗಿತ್ತು” ಎಂದು ದಕ್ಕೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಹಳೆ ಬಣ್ಣಗಳಲ್ಲಿ ಸೀಸದ ಅಂಶ ಇರುತ್ತಿತ್ತು. ಅವುಗಳಿಂದ ಆವಿಯಾಗುವ ದ್ರಾವಕಗಳು ಕಾರ್ಮಿಕರ ಶ್ವಾಸಕ್ಕೂ ಗಾಳಿಗೂ ಕೆಟ್ಟದ್ದು. ಮುಳುಗಿಸಿ ಕೂರಿಸುವ ಪದರ ಇಲ್ಲದ ಕಾಲದಲ್ಲಿ ಗಾಡಿಗಳು ಒಳಗಿನಿಂದಲೇ ತುಕ್ಕು ಹಿಡಿಯುತ್ತಿದ್ದವು. ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಕ್ತಿ ಬೇಡುವ ವಿಭಾಗಗಳಲ್ಲಿ ಪೇಂಟ್ ಶಾಪ್ ಒಂದು, ಯಾಕೆಂದರೆ ಬಣ್ಣವನ್ನು ಒಲೆಯಲ್ಲಿ ಬೇಯಿಸಬೇಕು. ಒಂದು ಪದರ ಕಡಿಮೆಯಾದರೆ ಒಂದು ಒಲೆಯೂ ಕಡಿಮೆಯಾಗುತ್ತದೆ. ಇನ್ನೊಂದು ಸಂಗತಿ, ಬಣ್ಣ ತೀರಾ ಗಟ್ಟಿಯಾದರೆ ಕಲ್ಲು ತಾಗಿದಾಗ ಚಕ್ಕೆ ಏಳುತ್ತದೆ, ಮೆತ್ತಗಾದರೆ ಗೀರು ಬೀಳುತ್ತದೆ. ಎರಡರ ನಡುವೆ ಹದ ಹುಡುಕುವುದು ಸುಲಭವಲ್ಲ.

ಇದೆಲ್ಲ ಒಪ್ಪುತ್ತೇನೆ. ಆದರೆ ಪರಿಹಾರವೇ ಇಲ್ಲ ಎಂಬುದನ್ನು ಒಪ್ಪುವುದಿಲ್ಲ. 2005ರಲ್ಲೇ ಜಪಾನಿನ ನಿಸ್ಸಾನ್ ಕಂಪನಿ ಸಣ್ಣ ಗೀರುಗಳು ತಾವಾಗಿಯೇ ಮುಚ್ಚಿಕೊಳ್ಳುವ ಕ್ಲಿಯರ್ ಕೋಟ್ ತಂದಿತ್ತು. ಅಮೆರಿಕದಲ್ಲಿ ಎಷ್ಟೋ ಪಿಕಪ್‌ಗಳ ಸಾಮಾನು ತುಂಬುವ ಭಾಗಕ್ಕೆ ರಬ್ಬರಿನಂಥ ದಪ್ಪ ಲೇಪವನ್ನು ಕಾರ್ಖಾನೆಯಲ್ಲೇ ಹಾಕಿಸಿಕೊಳ್ಳಬಹುದು. ಅಲ್ಲಿ ಅನೇಕರಿಗೆ ಪಿಕಪ್ ಎಂದರೆ ಮನೆಯ ಗಾಡಿ. ನಮ್ಮಲ್ಲಿ ಅದು ಅನ್ನ ದುಡಿಯುವ ಗಾಡಿ. ಹಾಗಿದ್ದರೆ ಅಂಥ ಲೇಪ ಹೆಚ್ಚು ಬೇಕಾದದ್ದು ಯಾರಿಗೆ?

ನನಗೆ ನಿಜವಾಗಿ ಬೇಸರ ತಂದದ್ದು ತೆಳು ಬಣ್ಣ ಅಲ್ಲ, ಅದರ ಬಗ್ಗೆ ಯಾರೂ ಹೇಳದೇ ಇದ್ದದ್ದು. ತುಕ್ಕು ಕಂಡ ಮೇಲೆ ಅಬ್ಬನ ಜೊತೆ ನಾನೂ ಶೋರೂಮಿಗೆ ಹೋಗಿದ್ದೆ. ಅಲ್ಲಿದ್ದವರು ಗೀರು ನೋಡಿ, “ಇದು ಹೊರಗಿನ ಪೆಟ್ಟು, ವಾರಂಟಿಯಲ್ಲಿ ಬರುವುದಿಲ್ಲ” ಎಂದರು. ಮನೆಗೆ ಬಂದು ವಾರಂಟಿ ಪುಸ್ತಕ ತೆಗೆದು ಓದಿದೆ. ಅವರು ಹೇಳಿದ್ದು ನಿಜ. ಗೀರು, ಕಲ್ಲಿನ ಪೆಟ್ಟು, ಉಪ್ಪು, ಹಕ್ಕಿಯ ಹಿಕ್ಕೆ ಎಲ್ಲವನ್ನೂ ಹೊರಗಿಟ್ಟಿದ್ದರು, ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ. ಏಳನೇ ತರಗತಿಗೆ ಶಾಲೆ ಬಿಟ್ಟ ಅಬ್ಬ ಅದನ್ನು ಓದುವುದು ಹೇಗೆ? ಗಾಡಿ ಕೊಳ್ಳುವ ದಿನ ಅದೇ ಶೋರೂಮಿನವರು “ಬಣ್ಣಕ್ಕೆ ಕೋಟಿಂಗ್ ಹಾಕಿಸಿ” ಎಂದು ಸಾವಿರಾರು ರೂಪಾಯಿ ಹೇಳಿದ್ದರಂತೆ. ಅದು ಶೋಕಿಗೆ ಎಂದುಕೊಂಡು ಅಬ್ಬ ಬೇಡ ಅಂದಿದ್ದರು. ಬಣ್ಣ ತೆಳು ಎಂದು ಗೊತ್ತಿದ್ದರೆ ಬೇರೆ ಯೋಚನೆ ಮಾಡುತ್ತಿದ್ದರು. ಕೋಟಿಂಗ್ ಮಾರಲು ಬಾಯಿ ಇತ್ತು, ಅದು ಯಾಕೆ ಬೇಕು ಎಂದು ಹೇಳಲು ಬಾಯಿ ಇರಲಿಲ್ಲ.

ಕಾನೂನಿನ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ವ್ಯಾಪಾರಕ್ಕೆ ಕೊಂಡ ಗಾಡಿಗೆ ಗ್ರಾಹಕ ನ್ಯಾಯಾಲಯ ಇಲ್ಲ ಎಂದು ಕೆಲವರು ಹೆದರಿಸುತ್ತಾರೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ. ಸ್ವಂತ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು, ತಾನೇ ಬಳಸುವ ವಸ್ತುವನ್ನು ಅದು ವಾಣಿಜ್ಯ ಉದ್ದೇಶ ಎಂದು ಪರಿಗಣಿಸುವುದಿಲ್ಲ. ತಾನೇ ಓಡಿಸಿ ಮನೆ ನಡೆಸುವ ಪಿಕಪ್ ಮಾಲೀಕನೂ ಗ್ರಾಹಕನೇ. ವಸ್ತುವಿನ ಗುಣಮಟ್ಟದ ಬಗ್ಗೆ ತಿಳಿದುಕೊಳ್ಳುವ ಹಕ್ಕು ಅವನಿಗೂ ಇದೆ. ಪ್ರತಿ ಗೀರಿಗೂ ಪರಿಹಾರ ಸಿಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಪೆಟ್ಟೇ ಬೀಳದ ಕಡೆ ಬಣ್ಣ ಏಳುತ್ತಿದ್ದರೆ, ಪದರ ಪದರವಾಗಿ ಸುಲಿಯುತ್ತಿದ್ದರೆ, ಅದು ಕೇಳಬೇಕಾದ ದೋಷವೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಾನು ಕೇಳುವುದು ದೊಡ್ಡದೇನಲ್ಲ. ಸರಕು ಗಾಡಿ ಮಾರುವವರು ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಬಣ್ಣದ ದಪ್ಪ ಎಷ್ಟು, ಸಾಮಾನು ತುಂಬುವ ಕಡೆ ಎಷ್ಟು, ವಾರಂಟಿಯಲ್ಲಿ ಏನು ಬರುವುದಿಲ್ಲ, ಗೀರು ಬಿದ್ದ ದಿನವೇ ಏನು ಮಾಡಬೇಕು ಎಂಬ ನಾಲ್ಕು ಸಂಗತಿ ಅದರಲ್ಲಿ ಇರಲಿ. ಸಹಿ ಹಾಕಿಸುವ ಮೊದಲು ಅದನ್ನು ಓದಿ ಹೇಳಲಿ. ಕರಾವಳಿಯಲ್ಲಿ ಮಾರುವ ಗಾಡಿಯ ಬಾಡಿಗೆ ದಪ್ಪ ಲೇಪವನ್ನು ಕಾರ್ಖಾನೆಯಿಂದಲೇ ಕೊಡಲಿ, ಅದಕ್ಕೆ ಸ್ವಲ್ಪ ಹೆಚ್ಚು ಬೆಲೆಯಾದರೂ ಸರಿ, ಬೆಲೆ ಮುಂದಾಗಿ ಹೇಳಲಿ. ಕೊಳ್ಳಬೇಕೋ ಬೇಡವೋ ಎಂದು ಕೊಳ್ಳುವವರು ತೀರ್ಮಾನಿಸಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಮಾಮ ಹೇಳಿಕೊಟ್ಟದ್ದನ್ನು ಬರೆಯುತ್ತೇನೆ. ಗೀರು ಬಿದ್ದ ಕಡೆ ಸಿಹಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ತುಕ್ಕು ಇದ್ದರೆ ಸಣ್ಣ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ತೆಗೆದು, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ ಹಚ್ಚಬೇಕು. ತುಕ್ಕಿನ ಮೇಲೇ ಬಣ್ಣ ಬಳಿದರೆ ಒಳಗೆ ಅದು ತಿನ್ನುತ್ತಲೇ ಇರುತ್ತದೆ. ದಿನದ ಕೆಲಸ ಮುಗಿದ ಮೇಲೆ ಗಾಡಿಯ ಅಡಿಭಾಗವನ್ನೂ ಮೂಲೆಗಳನ್ನೂ ಸಿಹಿ ನೀರಿನಲ್ಲಿ ತೊಳೆಯಬೇಕು. ಒಣ ಬಟ್ಟೆಯಿಂದ ಒರೆಸಬಾರದು, ಮೊದಲು ನೀರು ಹಾಯಿಸಿ ಧೂಳು ಹೋಗಲಿ. ಕೊಕ್ಕೆ ತಾಗುವ ಕಡೆ ಹಳೆ ಟ್ಯೂಬಿನ ತುಂಡು ಕಟ್ಟಬೇಕು, ಕ್ರೇಟ್ ಎಳೆಯುವ ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಬೇಕು. ಮ್ಯಾಟನ್ನು ಆಗಾಗ ಎತ್ತಿ ಅಡಿಯಲ್ಲೂ ತೊಳೆಯಬೇಕು, ಇಲ್ಲದಿದ್ದರೆ ಉಪ್ಪು ನೀರು ಅಲ್ಲೇ ನಿಲ್ಲುತ್ತದೆ.

ಈಗ ಭಾನುವಾರ ನಾನೂ ತಮ್ಮನೂ ಸೇರಿ ಗಾಡಿ ತೊಳೆಯುತ್ತೇವೆ. ಮೊದಲ ಗೀರಿಗೆ ಮಾಮನೇ ಬಣ್ಣ ಹಚ್ಚಿಕೊಟ್ಟರು. ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ, ಆದರೆ ತುಕ್ಕು ನಿಂತಿದೆ. ಮುಂದಿನ ವರ್ಷ ಎಫ್‌ಸಿಗೆ ಹೋಗುವಾಗ ಇಡೀ ಬಾಡಿಗೆ ಪೇಂಟ್ ಹೊಡೆಸುವ ಖರ್ಚು ಬರದೇ ಇರಲಿ ಎಂಬುದು ನಮ್ಮ ಆಸೆ.

ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಎಷ್ಟೋ ಜನರ ಮನೆಯವರು ಆಟೋ, ಟೆಂಪೋ, ಪಿಕಪ್ ಓಡಿಸಿಯೇ ನಮ್ಮ ಫೀಸು ಕಟ್ಟುತ್ತಾರೆ. ಅವರಿಗೆ ಓದಲು ಅವಕಾಶ ಸಿಕ್ಕಿರಲಿಲ್ಲ, ನಮಗೆ ಸಿಕ್ಕಿದೆ. ಮನೆಗೆ ಹೊಸ ಗಾಡಿ ಬರುವುದಾದರೆ ದಯವಿಟ್ಟು ನೀವೂ ಶೋರೂಮಿಗೆ ಹೋಗಿ. ಬಣ್ಣದ ದಪ್ಪ ಎಷ್ಟು, ವಾರಂಟಿಯಲ್ಲಿ ಏನು ಬರುವುದಿಲ್ಲ, ಅದನ್ನು ಬರೆದು ಕೊಡುತ್ತೀರಾ ಎಂದು ಮೂರು ಪ್ರಶ್ನೆ ಕೇಳಿ. ವಾರಂಟಿ ಪುಸ್ತಕವನ್ನು ಅಲ್ಲೇ ತೆರೆದು, ಅರ್ಥವಾಗುವ ಹಾಗೆ ಮನೆಯವರಿಗೆ ಓದಿ ಹೇಳಿ. ಸಹಿ ಆಮೇಲೆ ಹಾಕಿದರಾಯಿತು. ನಾನು ಆ ದಿನ ಹೋಗಿರಲಿಲ್ಲ, ಮರುದಿನ ಟೆಸ್ಟ್ ಇತ್ತು. ಅರ್ಧ ದಿನ ಹೋಗಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.